ಕರ್ಮಭೂಮಿಯಲ್ಲಿ ಕಲ್ಪವೃಕ್ಷದ ಹುಡುಕಾಟ

ಕಾಲಚಕ್ರವನ್ನು ವಿವರಿಸುವ ಜೈನ ಪುರಾಣಗಳು ಭೋಗಭೂಮಿಯ ಬಾಳನ್ನು ವಿಸ್ತಾರವಾಗಿ ವರ್ಣಿಸುತ್ತವೆ. ಅಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳಿದ್ದವು. ಆಹಾರ, ಪಾನ, ವಸ್ತ್ರ, ಭೂಷಣ, ಪಾತ್ರೆ, ದೀಪ, ಮನೆ ಎಲ್ಲವನ್ನೂ ಅವು ಬೇಡಿದೊಡನೆ ನೀಡುತ್ತಿದ್ದವು. ಉಳುವ ಶ್ರಮವಿರಲಿಲ್ಲ, ಕೂಡಿಡುವ ಚಿಂತೆಯೂ ಇರಲಿಲ್ಲ. ಮೂರನೆಯ ಕಾಲದ ಅಂತ್ಯದಲ್ಲಿ ಆ ವೃಕ್ಷಗಳು ಕ್ಷೀಣಿಸಿದಾಗ ಹಸಿದ ಪ್ರಜೆಗಳು ದಿಕ್ಕುಗಾಣದೆ ನಾಭಿರಾಜನ ಬಳಿಗೆ ಬಂದರು; ಅವನು ಅವರನ್ನು ಮಗನಾದ ವೃಷಭದೇವನ ಬಳಿಗೆ ಕಳುಹಿಸಿದನು. ಕನ್ನಡದ ಆದಿಕವಿ ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದ ಕಥಾನಾಯಕನೂ ಈ ವೃಷಭದೇವನೇ.

ಪ್ರಥಮ ತೀರ್ಥಂಕರನಾಗಲಿದ್ದ ಆ ಮಹಾಪುರುಷನು ಬತ್ತಿದ ಮರಗಳನ್ನು ಮತ್ತೆ ಚಿಗುರಿಸಿ ಕೊಡಲಿಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಪ್ರಜೆಗಳಿಗೆ ಉಪದೇಶಿಸಿದನು. ರಕ್ಷಿಸುವವನು ರಕ್ಷಣೆಯನ್ನು, ಬರೆಯುವವನು ಬರಹವನ್ನು, ಬೆಳೆಯುವವನು ಧಾನ್ಯವನ್ನು, ಕಲಿತವನು ಕಲಿಕೆಯನ್ನು, ವ್ಯಾಪಾರಿಯು ಸರಕನ್ನು, ಶಿಲ್ಪಿಯು ಕೈಕೆಲಸವನ್ನು ಸಮಾಜಕ್ಕೆ ಕೊಟ್ಟು ಪ್ರತಿಫಲ ಪಡೆಯಬೇಕೆಂಬುದು ಈ ಷಟ್ಕರ್ಮಗಳ ತಿರುಳು. ಅಂದಿನಿಂದ ಈ ನೆಲ ಕರ್ಮಭೂಮಿಯಾಯಿತು. ಕೊಡದೆ ಪಡೆಯುವ ಯುಗ ಮುಗಿಯಿತು.

ಮುಗಿದ ಆ ಯುಗ ಮತ್ತೆ ಬಂದಿದೆಯೆಂದು ಸಾರುವ ಸಂದೇಶಗಳು ಇಂದು ಮೊಬೈಲಿನ ಪರದೆಯ ಮೇಲೆ ದಿನವೂ ಮಿನುಗುತ್ತವೆ. ‘ಮನೆಯಲ್ಲೇ ಕುಳಿತು ದಿನಕ್ಕೆ ಮೂರು ಸಾವಿರ ಗಳಿಸಿ’, ‘ಅನುಭವ ಬೇಡ, ಬಂಡವಾಳ ಬೇಡ’, ‘ಬಿಡುವಿನ ಒಂದು ಗಂಟೆ ಸಾಕು’ ಎಂಬ ಕರೆಗಳಿಗೆ ಓಗೊಟ್ಟವರಲ್ಲಿ ಕೆಲಸವಿಲ್ಲದ ಯುವಕರಿದ್ದಾರೆ, ಸಂಸಾರದ ಖರ್ಚಿಗೆ ನೆರವಾಗಬಯಸುವ ಗೃಹಿಣಿಯರಿದ್ದಾರೆ, ನಿವೃತ್ತಿಯ ಹಣವನ್ನು ಬ್ಯಾಂಕಿನಲ್ಲಿಟ್ಟು ಕುಳಿತ ಹಿರಿಯರೂ ಇದ್ದಾರೆ. ಇದು ಪೊಲೀಸರು ಮತ್ತು ಬ್ಯಾಂಕುಗಳಷ್ಟೇ ಯೋಚಿಸಬೇಕಾದ ಸಂಗತಿಯಲ್ಲ. ಅಣುವ್ರತಗಳನ್ನು ಪಾಲಿಸುವ ಶ್ರಾವಕ-ಶ್ರಾವಿಕೆಯರೂ ತಮ್ಮ ಧರ್ಮದ ಬೆಳಕಿನಲ್ಲಿ ಇದನ್ನು ಪರಿಶೀಲಿಸಬೇಕಾಗಿದೆ.

ಮಾಯೆ ಹೆಣೆಯುವ ಬಲೆ

ಇಂಥ ವಂಚನೆಯ ನಡೆ ಬಹುತೇಕ ಒಂದೇ ಬಗೆಯದು. ಅಪರಿಚಿತ ಸಂಖ್ಯೆಯಿಂದ ವಾಟ್ಸ್‌ಆ್ಯಪ್‌ಗೆ ಸಂದೇಶ ಬರುತ್ತದೆ. ಯೂಟ್ಯೂಬಿನ ಮೂರು ವಿಡಿಯೊಗಳಿಗೆ ಲೈಕ್ ಒತ್ತಿದರೆ, ಅಥವಾ ಯಾವುದೋ ಊರಿನ ಹೋಟೆಲಿಗೆ ಐದು ನಕ್ಷತ್ರಗಳ ಮೆಚ್ಚುಗೆ ಕೊಟ್ಟರೆ 150 ರೂಪಾಯಿ ಎಂದು ಹೇಳಲಾಗುತ್ತದೆ. ಹಾಗೆ ಮಾಡಿದವರ ಖಾತೆಗೆ 150 ರೂಪಾಯಿ ನಿಜವಾಗಿಯೂ ಬರುತ್ತದೆ. ಬೆಸ್ತನು ಗಾಳಕ್ಕೆ ಸಿಕ್ಕಿಸುವ ಎರೆಹುಳು ನಿಜವಾದದ್ದೇ ಆಗಿರುವಂತೆ ಈ ಹಣವೂ ನಿಜವಾದದ್ದೇ.

ಮರುದಿನ ಟೆಲಿಗ್ರಾಂ ಗುಂಪಿಗೆ ಸೇರಿಸಲಾಗುತ್ತದೆ. ಅಲ್ಲಿ ಹತ್ತಾರು ಮಂದಿ ತಮಗೆ ಬಂದ ಹಣದ ಚಿತ್ರಗಳನ್ನು ಹಾಕುತ್ತಿರುತ್ತಾರೆ. ಅವರಲ್ಲಿ ಹೆಚ್ಚಿನವರು ವಂಚಕರ ಕಡೆಯವರೇ. ಆಗ ‘ಮುಂಗಡ ಪಾವತಿಯ ಕೆಲಸ’ ಆರಂಭವಾಗುತ್ತದೆ. 1,000 ರೂಪಾಯಿ ಕಟ್ಟಿದರೆ ಸಂಜೆಗೆ 1,300 ಬರುತ್ತದೆ. ನಂಬಿಕೆ ಗಟ್ಟಿಯಾಗುತ್ತದೆ. 10,000 ಕಟ್ಟಿದಾಗ ಲಾಭ ಪರದೆಯ ಮೇಲೆ ಕಾಣುತ್ತದೆ, ಆದರೆ ಕೈಗೆ ಬರುವುದಿಲ್ಲ. ಇದು ನಾಲ್ಕು ಹಂತಗಳ ಕೆಲಸ, ಎಲ್ಲವನ್ನೂ ಮುಗಿಸಿದರೆ ಮಾತ್ರ ಹಣ ಎಂಬ ಉತ್ತರ ದೊರೆಯುತ್ತದೆ. ಎರಡನೆಯ ಹಂತಕ್ಕೆ 30,000, ಮೂರನೆಯದಕ್ಕೆ 80,000. ನಡುವೆ ‘ನಿಮ್ಮ ತಪ್ಪಿನಿಂದ ಇಡೀ ಗುಂಪಿನ ಹಣ ಸಿಲುಕಿಕೊಂಡಿದೆ’ ಎಂಬ ಆರೋಪ. ಕೊನೆಗೆ ಹಣ ಹಿಂಪಡೆಯಲು ‘ತೆರಿಗೆ’ ಕಟ್ಟಬೇಕೆಂಬ ಬೇಡಿಕೆ. ತೆರಿಗೆಯನ್ನು ಸಂದಾಯ ಮಾಡುವುದು ಸರ್ಕಾರಕ್ಕೆ; ತನ್ನದೇ ಹಣ ಪಡೆಯಲು ಅಪರಿಚಿತನ ಖಾತೆಗೆ ತೆರಿಗೆ ಕಳುಹಿಸುವ ಪದ್ಧತಿ ಎಲ್ಲಿಯೂ ಇಲ್ಲ. ಆದರೆ ಆ ವೇಳೆಗೆ ಮನಸ್ಸು ಮುಂದಿನ ಲಾಭವನ್ನು ಮರೆತು, ಕಳೆದುಕೊಂಡದ್ದನ್ನು ಮರಳಿ ಪಡೆಯುವ ಹಂಬಲದಲ್ಲಿ ಸಿಲುಕಿರುತ್ತದೆ. ಒಡವೆ ಅಡವಿಟ್ಟು, ಸಾಲ ಮಾಡಿ ಕಟ್ಟುವುದು ಈ ಹಂತದಲ್ಲಿಯೇ.

ದತ್ತಾಂಶ ನಮೂದಿಸುವ ಕೆಲಸದ ಹೆಸರಿನಲ್ಲಿ ನಡೆಯುವ ಮೋಸ ಇನ್ನೊಂದು ಬಗೆಯದು. ವಾರಪೂರ್ತಿ ಬೆರಳಚ್ಚು ಮಾಡಿಸಿಕೊಂಡು, ತಪ್ಪುಗಳು ಮಿತಿ ಮೀರಿವೆ, ಕರಾರು ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ನ್ಯಾಯಾಲಯಕ್ಕೆ ಬರಬೇಕಾಗುತ್ತದೆ ಎಂದು ವಕೀಲರ ಹೆಸರಿನ ನೋಟಿಸು ಕಳುಹಿಸುತ್ತಾರೆ. ಮೊದಲ ಬಗೆಯ ವಂಚನೆ ಆಸೆಯನ್ನು ಹಿಡಿದು ಎಳೆದರೆ ಎರಡನೆಯದು ಭಯವನ್ನು ಹಿಡಿದು ಎಳೆಯುತ್ತದೆ.

ಆಚಾರ್ಯರು ಮಾಯಾಕಷಾಯದ ತೀವ್ರತೆಯನ್ನು ನಾಲ್ಕು ಉಪಮೆಗಳಿಂದ ತಿಳಿಸಿದ್ದಾರೆ: ಬಿದಿರಿನ ಬೇರು, ಟಗರಿನ ಕೊಂಬು, ನಡೆಯುತ್ತ ಹೋಗುವ ಹಸುವಿನ ಗೋಮೂತ್ರದ ಗೆರೆ, ಕೆರೆಯುವ ಸಲಕರಣೆಯ ಗುರುತು. ಗೆರೆಯ ವಕ್ರತೆ ಬೇಗ ಅಳಿಸಿಹೋಗುತ್ತದೆ. ನೆಲದೊಳಗೆ ಗಂಟುಗಂಟಾಗಿ ತಿರುಚಿಕೊಂಡ ಬಿದಿರಿನ ಬೇರನ್ನು ನೇರ ಮಾಡಲಾಗದು. ಹಂತ ಹಂತವಾಗಿ ಒಬ್ಬರ ನಂಬಿಕೆಯನ್ನು ಬೆಳೆಸಿ, ಆ ನಂಬಿಕೆಯಿಂದಲೇ ಅವರನ್ನು ಸುಲಿಯುವ ಕಪಟಕ್ಕೆ ಬಿದಿರಿನ ಬೇರಿಗಿಂತ ತಕ್ಕ ಹೋಲಿಕೆ ದೊರೆಯಲಾರದು.

ಮೊದಲ 150 ರೂಪಾಯಿ ಶುದ್ಧವೇ?

ಸಾಮಾನ್ಯವಾಗಿ ಇಂಥ ಪ್ರಕರಣಗಳಲ್ಲಿ ಕಳೆದುಹೋದ ಲಕ್ಷಗಳ ಬಗೆಗೆ ಮಾತ್ರ ಚರ್ಚೆಯಾಗುತ್ತದೆ. ಶ್ರಾವಕಾಚಾರದ ದೃಷ್ಟಿ ಅದಕ್ಕಿಂತ ಹಿಂದಿನ ಒಂದು ಗಳಿಗೆಗೆ ಹೋಗುತ್ತದೆ. ಎಂದೂ ಕಾಲಿಡದ ಹೋಟೆಲಿಗೆ ಐದು ನಕ್ಷತ್ರ ಕೊಟ್ಟು ಪಡೆದ ಆ ಮೊದಲ 150 ರೂಪಾಯಿ ಯಾವ ಬಗೆಯ ಸಂಪಾದನೆ? ವಂಚನೆಯೇ ನಡೆಯದೆ, ದಿನವೂ ಸರಿಯಾಗಿ ಹಣ ಬರುತ್ತಿದ್ದರೆ ಆ ಕೆಲಸ ಧರ್ಮಸಮ್ಮತವಾಗುತ್ತಿತ್ತೇ?

‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶ ಮತ್ತು ಕೂಟಲೇಖಕ್ರಿಯೆ ಎಂಬ ಎರಡು ಇಲ್ಲಿ ಗಮನಾರ್ಹ. ತಪ್ಪುದಾರಿಗೆಳೆಯುವ ಉಪದೇಶ ಮಿಥ್ಯೋಪದೇಶ. ಇನ್ನೊಬ್ಬರು ಹೇಳದ, ಮಾಡದ ಸಂಗತಿಯನ್ನು ನಡೆದಂತೆ ಬರೆದಿಡುವ ಸುಳ್ಳು ಬರಹ ಕೂಟಲೇಖ. ತಂಗದ ಹೋಟೆಲಿನ ಹಾಸಿಗೆಯನ್ನು ಹೊಗಳಿ ಬರೆಯುವುದು, ಬಳಸದ ಸಾಬೂನಿಗೆ ಪ್ರಶಸ್ತಿ ಕೊಡುವುದು, ನೋಡದ ವಿಡಿಯೊವನ್ನು ಮೆಚ್ಚಿದೆನೆಂದು ಒತ್ತುವುದು ಇವೆಲ್ಲ ಈ ಕಾಲದ ಕೂಟಲೇಖಗಳು. ಆ ಬರಹವನ್ನು ನಂಬಿ ಮಕ್ಕಳೊಡನೆ ಆ ಹೋಟೆಲಿಗೆ ಹೋಗಿ ತೊಂದರೆಗೊಳಗಾಗುವ ಪ್ರವಾಸಿಗನ ಮುಖವನ್ನು ಬರೆದವರು ಎಂದೂ ಕಾಣುವುದಿಲ್ಲ. ಕಾಣದಿರುವುದರಿಂದ ದೋಷ ಕಡಿಮೆಯಾಗುವುದಿಲ್ಲ.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರ ಧರ್ಮಾಮೃತ’ದಲ್ಲಿ ಗೃಹಸ್ಥಧರ್ಮಕ್ಕೆ ಯೋಗ್ಯನಾದವನ ಗುಣಗಳನ್ನು ಹೇಳುವಾಗ ಮೊಟ್ಟಮೊದಲಿಗೆ ಇಟ್ಟದ್ದು ನ್ಯಾಯೋಪಾತ್ತ ಧನವನ್ನು, ಅಂದರೆ ನ್ಯಾಯಮಾರ್ಗದಿಂದ ಗಳಿಸಿದ ಸಂಪತ್ತನ್ನು. ಶ್ವೇತಾಂಬರ ಪರಂಪರೆಯ ಆಚಾರ್ಯ ಹೇಮಚಂದ್ರರೂ ‘ಯೋಗಶಾಸ್ತ್ರ’ದಲ್ಲಿ ಗೃಹಸ್ಥನ 35 ಗುಣಗಳನ್ನು ಎಣಿಸುತ್ತ ನ್ಯಾಯಸಂಪನ್ನ ವೈಭವದಿಂದಲೇ ಆರಂಭಿಸುತ್ತಾರೆ. ಪೂಜೆ, ದಾನ, ವ್ರತ, ಉಪವಾಸಗಳ ಮಾತು ಬರುವುದು ಆ ಬಳಿಕ. ಮುನಿಗಳಿಗೆ ಆಹಾರದಾನ ಮಾಡುವ ಶ್ರಾವಕನು ಅಡುಗೆಮನೆಯ ಶುದ್ಧಿಯನ್ನು ಎಷ್ಟು ಎಚ್ಚರದಿಂದ ಕಾಯುತ್ತಾನೋ, ಆ ಧಾನ್ಯವನ್ನು ತಂದ ಹಣದ ಶುದ್ಧಿಯನ್ನೂ ಅಷ್ಟೇ ಎಚ್ಚರದಿಂದ ಕಾಯಬೇಕು. ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಗಳಿಕೆಯನ್ನೂ ಸೋಸುವ ಬಟ್ಟೆಯೊಂದು ಬೇಕು.

ಮೀಸೆಯ ಬೆಣ್ಣೆಯ ವರ್ತಕ

ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಐದು ಪಾಪಗಳಿಗೆ ಐವರನ್ನು ಉದಾಹರಿಸುತ್ತದೆ. ಪರಿಗ್ರಹಕ್ಕೆ ಉದಾಹರಣೆಯಾಗಿ ಬರುವವನ ಹೆಸರು ಶ್ಮಶ್ರುನವನೀತ, ಎಂದರೆ ಮೀಸೆಬೆಣ್ಣೆಯವನು. ಟೀಕಾಕಾರ ಪ್ರಭಾಚಂದ್ರರು ಅವನ ಕಥೆಯನ್ನು ಹೇಳಿದ್ದಾರೆ.

ಅವನ ನಿಜನಾಮ ಲುಬ್ಧದತ್ತ. ವ್ಯಾಪಾರಕ್ಕೆಂದು ದೂರದೇಶಕ್ಕೆ ಹೋಗಿ ಗಳಿಸಿದ್ದನ್ನೆಲ್ಲ ದಾರಿಯಲ್ಲಿ ಕಳ್ಳರ ಪಾಲು ಮಾಡಿ ಬರಿಗೈಯಾಗಿದ್ದವನು. ಗೊಲ್ಲನೊಬ್ಬನ ಬಳಿ ಮಜ್ಜಿಗೆ ಬೇಡಿ ಕುಡಿದಾಗ ಮೀಸೆಗೆ ಒಂದಿಷ್ಟು ಬೆಣ್ಣೆ ಅಂಟಿತು. ಅದನ್ನು ಒರೆಸಿ ಎಸೆಯದೆ, ಇದರಿಂದಲೇ ಮತ್ತೆ ವ್ಯಾಪಾರ ಹೂಡುವೆನೆಂದು ತೆಗೆದಿಟ್ಟನು. ದಿನವೂ ಹಾಗೆಯೇ ಕೂಡಿಡುತ್ತ ಬಂದನು. ಒಂದು ಮಡಕೆ ತುಪ್ಪವಾಯಿತು.

ಮಾಘಮಾಸದ ಚಳಿಯ ರಾತ್ರಿ. ಗುಡಿಸಲಿನ ಬಾಗಿಲ ಬಳಿ ಬೆಂಕಿ, ಕಾಲ ಬಳಿ ತುಪ್ಪದ ಮಡಕೆ. ಹಾಸಿಗೆಯಲ್ಲಿ ಮಲಗಿ ಅವನು ಲೆಕ್ಕ ಹಾಕತೊಡಗಿದನು. ತುಪ್ಪ ಮಾರಿ ಸರಕು ಕೊಳ್ಳುವೆನು, ಸರಕಿನಿಂದ ಸಾರ್ಥವಾಹನಾಗುವೆನು, ಬಳಿಕ ಸಾಮಂತ, ರಾಜ, ಕೊನೆಗೆ ಚಕ್ರವರ್ತಿ. ಏಳು ಅಂತಸ್ತಿನ ಅರಮನೆಯಲ್ಲಿ ಮಲಗಿದಾಗ ರಾಣಿಯು ಬಂದು ಕಾಲೊತ್ತುವಳು. ನಿನಗೆ ಕಾಲೊತ್ತಲು ಬಾರದೆಂದು ಸರಸದಿಂದ ಅವಳನ್ನು ಹೀಗೆ ಒದೆಯುವೆನು. ಒದ್ದ ಕಾಲು ಮಡಕೆಗೆ ತಗುಲಿತು. ತುಪ್ಪ ಬೆಂಕಿಗೆ ಸುರಿದು ಬಾಗಿಲು ಹೊತ್ತಿ ಉರಿಯಿತು. ಹೊರಬರಲು ದಾರಿಯಿಲ್ಲದೆ ಚಕ್ರವರ್ತಿಯ ಕನಸಿನವನು ಅಲ್ಲಿಯೇ ಬೆಂದುಹೋದನು.

ಈ ಕಥೆಯನ್ನು ಹಗಲುಗನಸಿನ ಪರಿಹಾಸವೆಂದು ಓದಿ ಮುಗಿಸುವವರುಂಟು. ಸೂಕ್ಷ್ಮವಾಗಿ ನೋಡಿದರೆ ಲುಬ್ಧದತ್ತನ ಬಳಿ ಇದ್ದ ತುಪ್ಪ ಸುಳ್ಳಾಗಿರಲಿಲ್ಲ. ಅವನು ಅದನ್ನು ಕದ್ದಿರಲೂ ಇಲ್ಲ. ಒಂದು ಮಡಕೆ ತುಪ್ಪವನ್ನು ಮಾರಿದ್ದರೆ ಒಂದಿಷ್ಟು ಕಾಲ ನೆಮ್ಮದಿಯ ಊಟವಾಗುತ್ತಿತ್ತು. ಇರುವುದನ್ನು ಸುಟ್ಟದ್ದು ಇಲ್ಲದ್ದರ ಎಣಿಕೆ. ಪರದೆಯ ಮೇಲೆ ‘ನಿಮ್ಮ ಬಾಕಿ ಮೊತ್ತ 1,40,000’ ಎಂಬ ಅಂಕಿಯನ್ನು ಕಂಡು, ಹತ್ತು ವರ್ಷಗಳ ನಿಶ್ಚಿತ ಠೇವಣಿಯನ್ನು ಮುರಿಸಿ ಕಟ್ಟುವವರು ಒದೆಯುವುದೂ ತಮ್ಮ ಕಾಲ ಬಳಿಯ ಮಡಕೆಯನ್ನೇ.

ಬಾಡಿಗೆಗೆ ಕೊಟ್ಟ ಖಾತೆ

ಸುಲಭ ಸಂಪಾದನೆಯ ಮಾರ್ಗಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡುವುದು. ಖಾತೆಗೆ ಹಣ ಬರುತ್ತದೆ, ಸಣ್ಣ ಕಮಿಷನ್ ಇಟ್ಟುಕೊಂಡು ಉಳಿದುದನ್ನು ಹೇಳಿದ ಖಾತೆಗೆ ದಾಟಿಸಿದರೆ ಸಾಕು ಎನ್ನುತ್ತಾರೆ. ಕಾಲೇಜು ವಿದ್ಯಾರ್ಥಿಗಳು ಕೆಲವು ಸಾವಿರ ರೂಪಾಯಿಗಳ ಆಸೆಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ ಕಾರ್ಡುಗಳನ್ನೇ ಒಪ್ಪಿಸಿಬಿಡುತ್ತಾರೆ. ಹಾಗೆ ಬರುವ ಹಣ ಇನ್ನೆಲ್ಲೋ ವಂಚನೆಗೊಳಗಾದವರದು. ಪೊಲೀಸರು ಹಣದ ಜಾಡು ಹಿಡಿದು ಮೊದಲು ಬಂದು ನಿಲ್ಲುವುದು ಖಾತೆದಾರನ ಮನೆಯ ಬಾಗಿಲಿಗೆ. ತನಗೇನೂ ತಿಳಿಯದೆಂಬ ಮಾತು ಅಲ್ಲಿ ನೆರವಿಗೆ ಬರುವುದು ಕಷ್ಟ.

ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಓದಿದರೆ ಅವನ್ನು ಈ ಕಾಲಕ್ಕಾಗಿಯೇ ಬರೆದಂತೆ ತೋರುತ್ತದೆ. ಕಳ್ಳತನಕ್ಕೆ ಇನ್ನೊಬ್ಬರನ್ನು ಪ್ರೇರೇಪಿಸುವುದು ಸ್ತೇನಪ್ರಯೋಗ: ತನಗೆ ಕಮಿಷನ್ ಬರಲೆಂದು ಗೆಳೆಯನನ್ನೂ ಅದೇ ಗುಂಪಿಗೆ ಸೇರಿಸುವುದು ಇದರೊಳಗೆ ಬರುತ್ತದೆ. ಕದ್ದು ತಂದದ್ದನ್ನು ಸ್ವೀಕರಿಸುವುದು ತದಾಹೃತಾದಾನ: ಬಾಡಿಗೆಯ ಖಾತೆ ಮಾಡುವುದು ಇದನ್ನೇ. ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು ವಿರುದ್ಧರಾಜ್ಯಾತಿಕ್ರಮ: ಸರ್ಕಾರ ನಿಷೇಧಿಸಿದ ಆ್ಯಪ್‌ಗಳಲ್ಲಿ ಹಣ ತೊಡಗಿಸುವುದು. ತೂಕ-ಅಳತೆಗಳಲ್ಲಿ ಮೋಸ ಹೀನಾಧಿಕಮಾನೋನ್ಮಾನ: ಹಣ ಕೊಟ್ಟು ಕೊಂಡ ಅನುಯಾಯಿಗಳ ಸಂಖ್ಯೆಯನ್ನು ತೋರಿಸಿ ಜಾಹೀರಾತುದಾರರಿಂದ ಹೆಚ್ಚು ಪಡೆಯುವುದು. ನಕಲಿಯನ್ನು ಅಸಲಿಯೆಂದು ಸಾಗಿಸುವುದು ಪ್ರತಿರೂಪಕವ್ಯವಹಾರ: ಹೆಸರಾಂತ ಕಂಪನಿಯ ಜಾಲತಾಣದಂತೆಯೇ ಕಾಣುವ ಹುಸಿ ಜಾಲತಾಣ. ತಕ್ಕಡಿ ಹೋಗಿ ಪರದೆ ಬಂದಿದೆ; ಅತಿಚಾರಗಳ ಪಟ್ಟಿ ಹಾಗೆಯೇ ಉಳಿದಿದೆ.

‘ವಂಚಿಸಿದವನು ಬೇರೊಬ್ಬ, ಖಾತೆ ಮಾತ್ರ ನನ್ನದು’ ಎಂಬ ಸಮಾಧಾನಕ್ಕೆ ಜೈನ ಕರ್ಮಸಿದ್ಧಾಂತದಲ್ಲಿ ಅವಕಾಶವಿಲ್ಲ. ಸಂರಂಭ, ಸಮಾರಂಭ, ಆರಂಭವೆಂಬ ಮೂರನ್ನು ಮನೋವಾಕ್ಕಾಯಗಳೆಂಬ ಮೂರರಿಂದ, ಅವನ್ನು ಕೃತ, ಕಾರಿತ, ಅನುಮತವೆಂಬ ಮೂರರಿಂದ, ಮತ್ತೆ ನಾಲ್ಕು ಕಷಾಯಗಳಿಂದ ಗುಣಿಸಿದರೆ 108 ಆಗುತ್ತದೆ. ಪಾಪವು ಆತ್ಮದೊಳಗೆ ಹರಿದುಬರುವ ದ್ವಾರಗಳು ಇಷ್ಟು. ಜಪಮಾಲೆಯ ಮಣಿಗಳ ಸಂಖ್ಯೆಯನ್ನು ಈ ಲೆಕ್ಕದಿಂದಲೂ ವಿವರಿಸುವುದುಂಟು. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡುವವರಿಗೆ ಸಮ್ಮತಿ ಕೊಟ್ಟದ್ದು ಮೂರೂ ಈ ಲೆಕ್ಕದಲ್ಲಿ ಸೇರಿವೆ.

ವಂಚನೆಯ ಇನ್ನೊಂದು ತುದಿಯಲ್ಲಿಯೂ ಹಿಂಸೆಯಿದೆ. ಒಳ್ಳೆಯ ಸಂಬಳದ ಕಂಪ್ಯೂಟರ್ ಕೆಲಸವೆಂದು ನಂಬಿ ಮ್ಯಾನ್ಮಾರ್, ಕಾಂಬೋಡಿಯಾ ದೇಶಗಳಿಗೆ ಹೋದ ಭಾರತೀಯ ಯುವಕರನ್ನು ಅಲ್ಲಿ ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ಜನರನ್ನು ವಂಚಿಸುವ ಕೆಲಸವನ್ನೇ ಬಲವಂತದಿಂದ ಮಾಡಿಸಲಾಗಿದೆ. ಭಾರತ ಸರ್ಕಾರವು ಅಂಥ ಅನೇಕರನ್ನು ಬಿಡಿಸಿ ಕರೆತಂದಿದೆ. ಸಿಹಿಮಾತಿನ ಸಂದೇಶ ಕಳುಹಿಸುವ ಬೆರಳು ಸ್ವತಃ ಬಂಧನದಲ್ಲಿ ನಡುಗುತ್ತಿರಬಹುದು. ಅಂಥ ಸಂಪಾದನೆಯ ಒಂದು ರೂಪಾಯಿಯೂ ಅಹಿಂಸಾಣುವ್ರತಿಯ ಮನೆಯೊಳಗೆ ಬರಬಾರದು.

ಮೊದಲ ವ್ಯಸನ

ಶ್ರಾವಕನು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ. ಉಳಿದ ಆರಕ್ಕೂ ಅದು ಬಾಗಿಲು ತೆರೆಯುತ್ತದೆಯೆಂದೇ ಅದನ್ನು ಮೊದಲು ಹೇಳಿದ್ದಾರೆಂದು ಹಿರಿಯರು ವಿವರಿಸುತ್ತಾರೆ. ಪಗಡೆಯ ಹಾಸು ಇಂದು ಅಂಗೈಯಗಲದ ಪರದೆಯಾಗಿದೆ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳಿಂದ ಸಂಸಾರಗಳು ಒಡೆದುದನ್ನು ಕಂಡು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯ್ದೆ ಮಾಡಿ ಅವನ್ನು ನಿಷೇಧಿಸಿತು. ಕಾನೂನು ತಡವಾಗಿ ಹೇಳಿದ್ದನ್ನು ವ್ಯಸನತ್ಯಾಗದ ನಿಯಮ ಬಹು ಹಿಂದೆಯೇ ಹೇಳಿತ್ತು.

ಕಾನೂನುಬದ್ಧವಾದ ಮಾರ್ಗದಲ್ಲಿಯೂ ದ್ಯೂತದ ಮನೋಧರ್ಮ ನುಸುಳಬಹುದು. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನ ಬಗೆಗೆ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅದರಲ್ಲಿ ತೊಡಗಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇಕಡ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತ್ತು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇಕಡ ಒಂದರಷ್ಟು ಮಾತ್ರ. ಉದ್ಯಮವೊಂದರ ಬೆಳವಣಿಗೆಯನ್ನು ನಂಬಿ ಪಾಲುದಾರನಾಗುವುದು ವಾಣಿಜ್ಯ; ಮುಂದಿನ ಅರ್ಧಗಂಟೆಯಲ್ಲಿ ಬೆಲೆ ಏರುವುದೋ ಇಳಿಯುವುದೋ ಎಂದು ಎದೆಬಡಿತ ಹೆಚ್ಚಿಸಿಕೊಂಡು ಕೂರುವುದು ಬೇರೆಯದೇ ಸಂಗತಿ. ಹಾಗೆ ಕುಳಿತವನು ಸಾಮಾಯಿಕಕ್ಕೆ ಕುಳಿತರೂ ಮನಸ್ಸು ಪೇಟೆಯಲ್ಲಿಯೇ ಇರುತ್ತದೆ. ಹಣ ಉಳಿದರೂ ಕಳೆದರೂ ಆರ್ತಧ್ಯಾನವಂತೂ ತಪ್ಪುವುದಿಲ್ಲ.

ಮಿತಿಯೆಂಬ ಬೇಲಿ

ಲೋಭದ ನಾಲ್ಕು ತರತಮಗಳಿಗೆ ಆಚಾರ್ಯರು ನಾಲ್ಕು ಕಲೆಗಳ ಹೋಲಿಕೆ ಕೊಟ್ಟಿದ್ದಾರೆ: ಅರಿಶಿನದ ಬಣ್ಣ, ಮೈಯ ಕೊಳೆ, ಗಾಡಿಯ ಅಚ್ಚಿನ ಕೀಲೆಣ್ಣೆ, ಕೃಮಿರಾಗವೆಂಬ ಕೆಂಪು ಬಣ್ಣ. ಅರಿಶಿನ ಬಿಸಿಲಿಗೆ ಹಾರಿಹೋಗುತ್ತದೆ. ಕೃಮಿರಾಗ ಬಟ್ಟೆ ಹರಿದರೂ ಹೋಗದು. 150 ರೂಪಾಯಿಯ ಆಸೆ ಅರಿಶಿನದಂಥದು. ಆ ಹಂತದಲ್ಲಿಯೇ ಒಗೆದುಕೊಂಡವರು ಪಾರಾಗುತ್ತಾರೆ. ಸಾಲ ತಂದು ಕಟ್ಟುವ ವೇಳೆಗೆ ಅದು ಕೀಲೆಣ್ಣೆಯಾಗಿರುತ್ತದೆ.

ಒಗೆಯುವ ಉಪಾಯವನ್ನೂ ಶಾಸ್ತ್ರ ಹೇಳಿದೆ. ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣಕ್ಕೆ ಸಮಂತಭದ್ರರು ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟಿದ್ದಾರೆ. ವಸ್ತುಗಳಿಗೆ ಮಿತಿ ಹಾಕುವುದಕ್ಕಿಂತ ಮೊದಲು ಇಚ್ಛೆಗೆ ಮಿತಿ ಹಾಕಬೇಕೆಂಬುದು ಆ ಹೆಸರಿನ ಸೂಚನೆ. ಈ ವ್ರತಕ್ಕೆ ಅವರು ಹೇಳಿದ ಅತಿಚಾರಗಳಲ್ಲಿ ಒಂದು ‘ವಿಸ್ಮಯ’. ಇತರರಿಗೆ ಬಂದ ಅಧಿಕ ಲಾಭವನ್ನು ಕಂಡು ಬೆರಗಾಗಿ, ತನಗೆ ಬರಲಿಲ್ಲವಲ್ಲ ಎಂದು ಒಳಗೊಳಗೇ ಕೊರಗುವ ಸ್ಥಿತಿ ಅದು. ಟೆಲಿಗ್ರಾಂ ಗುಂಪಿನಲ್ಲಿ ಸಾಲುಸಾಲಾಗಿ ಬರುವ ಹಣದ ಚಿತ್ರಗಳು ಹುಟ್ಟಿಸುವುದು ಈ ವಿಸ್ಮಯವನ್ನೇ. ನೆರೆಮನೆಯವನ ಹೊಸ ಕಾರು, ಸಹಪಾಠಿಯ ವಿದೇಶಯಾತ್ರೆಯ ಚಿತ್ರಗಳೂ ಅದೇ ಕೆಲಸ ಮಾಡುತ್ತವೆ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಆರಾಧಿಸುವ ಉತ್ತಮ ಶೌಚಧರ್ಮವು ಲೋಭತ್ಯಾಗದಿಂದ ಬರುವ ಆ ಒಳಗಿನ ನೈರ್ಮಲ್ಯದ ಹೆಸರು.

ಹಾಗೆಂದು ಮೋಸ ಹೋದವರೆಲ್ಲರೂ ಲೋಭಿಗಳೆಂದು ತೀರ್ಪು ಕೊಡುವುದು ನ್ಯಾಯವಲ್ಲ. ಮಗಳ ಕಾಲೇಜು ಶುಲ್ಕಕ್ಕೆ, ಗಂಡನ ಔಷಧದ ಖರ್ಚಿಗೆ ದಾರಿ ಹುಡುಕುತ್ತಿದ್ದವರೂ ಈ ಬಲೆಗೆ ಬಿದ್ದಿದ್ದಾರೆ. ಅವರನ್ನು ಅಲ್ಲಿಗೆ ಕರೆದೊಯ್ದದ್ದು ಅಗತ್ಯ. ಹತ್ತಿರದ ಸಾಧರ್ಮಿಗಳು ಆ ಅಗತ್ಯವನ್ನು ಮೊದಲೇ ಗುರುತಿಸಿದ್ದರೆ ದೂರದ ವಂಚಕನಿಗೆ ಅವರು ಸಿಗುತ್ತಿರಲಿಲ್ಲ ಎಂಬುದನ್ನೂ ಸಮಾಜ ನೆನೆಯಬೇಕು.

ಜಾಲದಲ್ಲಿಯೂ ಷಟ್ಕರ್ಮ

ಅಂತರ್ಜಾಲದ ಗಳಿಕೆಯೆಲ್ಲ ಹೇಯವೆಂದು ತಳ್ಳಿಹಾಕಬೇಕಾಗಿಲ್ಲ. ವೃಷಭದೇವನು ಉಪದೇಶಿಸಿದ ಕರ್ಮಗಳು ಅಲ್ಲಿಯೂ ನಡೆಯುತ್ತಿವೆ. ಅನುವಾದ ಮಾಡುವವರು, ಲೆಕ್ಕಪತ್ರ ಬರೆದುಕೊಡುವವರು ಮಸಿಯಿಂದ ಬದುಕುತ್ತಾರೆ. ದೂರದ ಮಕ್ಕಳಿಗೆ ಗಣಿತ, ಸಂಗೀತ ಹೇಳಿಕೊಡುವವರದು ವಿದ್ಯೆ. ಮನೆಯಲ್ಲಿ ಮಾಡಿದ ಹಪ್ಪಳ, ಸಂಡಿಗೆಗಳನ್ನು ಪರವೂರಿನವರಿಗೆ ಮಾರುವ ಶ್ರಾವಿಕೆಯದು ವಾಣಿಜ್ಯ. ಚಿತ್ರವಿನ್ಯಾಸ ಮಾಡುವ ತರುಣನದು ಶಿಲ್ಪ. ಇವರೆಲ್ಲರೂ ಏನನ್ನೋ ಕೊಟ್ಟು ಪಡೆಯುತ್ತಾರೆ. ಈ ಮಾರ್ಗಗಳಲ್ಲಿ ಸಮಯ ಹಿಡಿಯುತ್ತದೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ದೊರೆಯಬೇಕಾದರೂ 1,000 ಚಂದಾದಾರರು ಮತ್ತು ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ ಕಿರುವಿಡಿಯೊಗಳಿಗೆ ಅದಕ್ಕೆ ಸಮನಾದ ದೊಡ್ಡ ಸಂಖ್ಯೆಯ ವೀಕ್ಷಣೆ ಬೇಕೆಂಬ ನಿಯಮವಿದೆ. ಮೊದಲ ದಿನವೇ ಸಾವಿರ ರೂಪಾಯಿ ಕೊಡುವ ಪ್ರಾಮಾಣಿಕ ಕೆಲಸ ಅಲ್ಲಿಯೂ ಅಪರೂಪ.

ಯಾವ ಮಾರ್ಗವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯಲು ನಾಲ್ಕು ಪ್ರಶ್ನೆಗಳು ಸಾಕು. ಈ ಹಣಕ್ಕೆ ಪ್ರತಿಯಾಗಿ ಯಾರಿಗೆ ಏನನ್ನು ಕೊಡಲಾಗುತ್ತಿದೆ? ಕೆಲಸ ಕೊಡುವವನು ಕೆಲಸಗಾರನಿಂದಲೇ ಮೊದಲು ಹಣ ಕೇಳುತ್ತಿರುವನೇ? ಹೊಸಬರನ್ನು ಸೇರಿಸಿದರಷ್ಟೇ ಆದಾಯ ಬರುವುದೇ? ಈ ಗಳಿಕೆಯ ವಿವರವನ್ನು ಬಸದಿಯ ಅಂಗಳದಲ್ಲಿ ಹತ್ತು ಮಂದಿಯ ಮುಂದೆ ಸಂಕೋಚವಿಲ್ಲದೆ ಹೇಳಬಹುದೇ? ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಅದು 1978ರ ಕಾಯ್ದೆಯೇ ನಿಷೇಧಿಸಿರುವ ಹಣ ಪರಿಚಲನೆಯ ಯೋಜನೆಯಾಗಿರುವ ಸಂಭವ ಹೆಚ್ಚು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಅಮೂಢದೃಷ್ಟಿಯು ದೇವ, ಗುರು, ಶಾಸ್ತ್ರಗಳ ವಿಷಯದಲ್ಲಿ ಮೂಢನಾಗದಿರುವುದನ್ನು ಹೇಳುತ್ತದೆ. ಅದನ್ನು ಅಭ್ಯಾಸ ಮಾಡಿದವನ ಕಣ್ಣು ಲೋಕವ್ಯವಹಾರದಲ್ಲಿಯೂ ಬೇಗ ಮಂಕಾಗದು.

ಬಿದ್ದವರನ್ನು ಎತ್ತುವ ಧರ್ಮ

ವಂಚನೆಗೊಳಗಾದವರು ಮೊದಲು ಮಾಡಬೇಕಾದದ್ದು 1930 ಸಂಖ್ಯೆಗೆ ಕರೆ ಮಾಡುವುದು, ಅಥವಾ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸುವುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತ ಹೋಗುವುದರಿಂದ ಆರಂಭದ ಗಂಟೆಗಳಲ್ಲಿಯೇ ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು. ‘ಪೂರ್ವಾರ್ಜಿತ ಕರ್ಮ, ಅನುಭವಿಸಬೇಕು’ ಎಂದು ಸುಮ್ಮನಿರುವುದು ಧರ್ಮವಲ್ಲ. ಕರ್ಮಸಿದ್ಧಾಂತವು ಪುರುಷಾರ್ಥವನ್ನು ಬಿಡಲು ಹೇಳುವುದಿಲ್ಲ. ದೂರು ಕೊಡುವುದರಿಂದ ಇನ್ನೊಂದು ಮನೆ ಉಳಿಯಬಹುದು. ಅದು ಕರುಣೆಯ ಕಾರ್ಯವೂ ಹೌದು. ಕಳೆದುದನ್ನು ಮರಳಿ ಕೊಡಿಸುವೆವೆಂದು ಮತ್ತೆ ಶುಲ್ಕ ಕೇಳುವವರು ಎರಡನೆಯ ಬಲೆಯ ಬೇಟೆಗಾರರೆಂಬುದನ್ನೂ ತಿಳಿದಿರಬೇಕು.

ಆದರೆ ಹೆಚ್ಚಿನವರು ಆ ಅಮೂಲ್ಯ ಗಂಟೆಗಳನ್ನು ಕಳೆಯುವುದು ನಾಚಿಕೆಯಿಂದ, ಮನೆಯವರ ಬೈಗುಳದ ಭಯದಿಂದ. ಇಲ್ಲಿ ಸಮ್ಯಗ್ದರ್ಶನದ ಇನ್ನೂ ಎರಡು ಅಂಗಗಳು ಕುಟುಂಬದವರಿಗೆ ದಾರಿ ತೋರುತ್ತವೆ. ಇತರರ ದೋಷವನ್ನು ಬೀದಿಗೆಳೆಯದೆ ಮುಚ್ಚಿ ತಿದ್ದುವುದು ಉಪಗೂಹನ. ಜಾರಿದವರನ್ನು ಮತ್ತೆ ಮಾರ್ಗದಲ್ಲಿ ನಿಲ್ಲಿಸುವುದು ಸ್ಥಿತಿಕರಣ. ಹಣ ಕಳೆದುಕೊಂಡು ಕುಗ್ಗಿದ ಮಗನಿಗೆ ತಂದೆಯು ‘ಹೋದದ್ದು ಹಣವಪ್ಪಾ, ನೀನು ಇದ್ದೀಯಲ್ಲ’ ಎಂದು ಹೇಳಿದರೆ ಆ ಎರಡು ಅಂಗಗಳನ್ನೂ ಪಾಲಿಸಿದಂತಾಯಿತು. ಆ ಮಾತು ತಡವಾದ ಮನೆಗಳಲ್ಲಿ ಹಣಕ್ಕಿಂತ ದೊಡ್ಡ ನಷ್ಟಗಳಾಗಿವೆ. ಜೀವಕ್ಕಿಂತ ಅಮೂಲ್ಯವಾದ ಸಂಪತ್ತು ಯಾವ ಖಾತೆಯಲ್ಲಿಯೂ ಇಲ್ಲ. ವಂಚಿತರಾದವರು ತಮ್ಮ ಪಾಲಿನ ಅವಿವೇಕವಿದ್ದರೆ ಅದನ್ನು ಆಲೋಚನೆ, ಪ್ರತಿಕ್ರಮಣಗಳಿಂದ ತೊಳೆದುಕೊಂಡು, ವಂಚಕನ ಮೇಲಿನ ದ್ವೇಷವನ್ನು ದಿನವೂ ಮೆಲುಕು ಹಾಕದೆ ಮುನ್ನಡೆಯಬೇಕು. ಹಣವನ್ನು ಕೊಂಡೊಯ್ದವನಿಗೆ ಮನಸ್ಸಿನ ಶಾಂತಿಯನ್ನೂ ಕೊಡಬೇಕಾಗಿಲ್ಲ.

ಸಮಂತಭದ್ರರು ತ್ಯಾಗವನ್ನು ಯಮ ಮತ್ತು ನಿಯಮ ಎಂದು ಎರಡಾಗಿ ವಿಂಗಡಿಸಿದ್ದಾರೆ. ಜೀವನಪರ್ಯಂತದ್ದು ಯಮ, ಇಂತಿಷ್ಟು ಕಾಲಕ್ಕೆಂದು ತೆಗೆದುಕೊಳ್ಳುವುದು ನಿಯಮ. ದೊಡ್ಡ ವ್ರತಗಳಿಗೆ ಅಂಜುವವರೂ ಸಣ್ಣ ನಿಯಮವೊಂದನ್ನು ಕೈಗೊಳ್ಳಬಹುದು. ಮೊಬೈಲಿನಲ್ಲಿ ಬಂದ ಗಳಿಕೆಯ ಯಾವ ಕರೆಗೂ ಮನೆಯ ಇನ್ನೊಬ್ಬರಿಗೆ ತೋರಿಸದೆ, ಒಂದು ರಾತ್ರಿ ಕಳೆಯದೆ ಒಂದು ರೂಪಾಯಿಯನ್ನೂ ಕಳುಹಿಸುವುದಿಲ್ಲ ಎಂಬ ನಿಯಮವನ್ನು ಒಂದು ವರ್ಷಕ್ಕೆ ತೆಗೆದುಕೊಂಡರೆ ಸಾಕು. ‘ಇನ್ನು ಹತ್ತೇ ನಿಮಿಷ ಬಾಕಿ’ ಎಂದು ಅವಸರಪಡಿಸುವುದೇ ವಂಚಕನ ಬಲ. ಒಂದು ರಾತ್ರಿಯ ಸಂಯಮದ ಮುಂದೆ ಅದು ನಿಲ್ಲಲಾರದು. ಅಂಥ ನಿಯಮವುಳ್ಳ ಮನೆಯಲ್ಲಿ ಗಳಿಕೆ ಅಲ್ಪವಾದರೂ ನ್ಯಾಯದ ಅನ್ನ ಬೇಯುತ್ತದೆ. ಅತಿಥಿಗೂ ಮುನಿಗೂ ಅದನ್ನು ನಿರ್ಮಲವಾದ ಕೈಯಿಂದ ಬಡಿಸಬಹುದು.